ಜಗಲಿಯಲ್ಲಿ ಕೂತವರು, ಅಂಗಳದಲ್ಲಿ ನಿಂತವಳು: ಕಾದಂಬರಿಯ ದನಿ, ತಾಣ ಮತ್ತು ನುಡಿಯ ಚರ್ಚೆ

ಕಾದಂಬರಿಯ ಒಂದು ಅಧ್ಯಾಯವನ್ನು ವಿಶ್ಲೇಷಿಸಿ ಎಂದಾಗ ನಮ್ಮ ತರಗತಿಗಳಲ್ಲಿ ಸಾಮಾನ್ಯವಾಗಿ ಮೂರು ಶೀರ್ಷಿಕೆಗಳು ಹುಟ್ಟಿಕೊಳ್ಳುತ್ತವೆ: ನಿರೂಪಣೆ, ಪರಿಸರ, ಭಾಷೆ. ನಿರೂಪಣೆಯಡಿ ಪ್ರಥಮ ಪುರುಷವೋ ಉತ್ತಮ ಪುರುಷವೋ ಎಂದು ಬರೆಯುತ್ತೇವೆ. ಪರಿಸರದಡಿ ಬೆಟ್ಟ, ಹೊಳೆ, ಮಳೆ ಬರುತ್ತವೆ. ಭಾಷೆಯಡಿ ನಾಲ್ಕು ಗಾದೆ, ಎಂಟು ಪ್ರಾದೇಶಿಕ ಪದ ಪಟ್ಟಿ ಮಾಡಿ ಮುಗಿಸುತ್ತೇವೆ. ಕನ್ನಡ ವಿಮರ್ಶೆಯೂ ಬಹುಕಾಲ ಹೀಗೇ ನಡೆಯಿತು. ಒಂದು ತಲೆಮಾರು ಪರಿಸರವನ್ನು ಕೊಂಡಾಡಿತು, ಇನ್ನೊಂದು ನಿರೂಪಣೆಯ ತಂತ್ರವನ್ನು ಹಿಡಿಯಿತು, ಮತ್ತೊಂದು ಭಾಷೆಯ ಪ್ರಶ್ನೆ ಎತ್ತಿತು. ಈ ಮೂರೂ ಒಂದೇ ಪ್ರಶ್ನೆಯ ಮುಖಗಳು ಎಂಬುದು ನನ್ನ ನಂಬಿಕೆ: ಕತೆ ಹೇಳುವವನು ಎಲ್ಲಿ ನಿಂತಿದ್ದಾನೆ? ಅವನು ನಿಂತ ಜಾಗ ಗೊತ್ತಾದರೆ ಅವನಿಗೆ ಏನು ಕಾಣುತ್ತದೆ, ಯಾವ ಮಾತು ಅವನ ಬಾಯಿಗೆ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದೂ ಗೊತ್ತಾಗುತ್ತದೆ.

ಇದನ್ನು ಪರಿಶೀಲಿಸಲು ಕನ್ನಡಕ್ಕೆ ಒಂದು ಅಪರೂಪದ ಅನುಕೂಲವಿದೆ. ಹನ್ನೊಂದು ವರ್ಷಗಳ ಅವಧಿಯಲ್ಲಿ, ತೀರ್ಥಹಳ್ಳಿ ಸೀಮೆಯ ಬದುಕನ್ನೇ ಹಿಡಿದು ಮೂರು ದೊಡ್ಡ ಕಾದಂಬರಿಗಳು ಬಂದವು. 1965ರಲ್ಲಿ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’, 1967ರಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’, 1976ರಲ್ಲಿ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’. ಮಳೆ ಅದೇ, ಕಾಡು ಅದೇ, ತುಂಗೆಯೂ ಅದೇ. ಆದರೂ ಒಂದು ಕಾದಂಬರಿಯ ಪುಟವನ್ನು ಇನ್ನೊಂದರದು ಎಂದು ಯಾರೂ ತಪ್ಪು ತಿಳಿಯಲಾರರು. ತಾಣ ಒಂದೇ ಆಗಿಯೂ ದನಿ ಇಷ್ಟು ಬೇರೆಯಾದದ್ದು ಹೇಗೆ?

ಬುದ್ಧಿ ಹೇಳುವ ದನಿ, ಸಾಕ್ಷಿ ನುಡಿಯುವ ದನಿ

ಮೊದಲು ಸ್ವಲ್ಪ ಹಿನ್ನೆಲೆ. ಕೆಂಪುನಾರಾಯಣನ ‘ಮುದ್ರಾಮಂಜೂಷ’ 1823ರದು. ಅದನ್ನು ಕಾದಂಬರಿ ಎನ್ನಬೇಕೋ ಬೇಡವೋ ಎಂಬ ವಾದ ಇನ್ನೂ ಇದೆ. 1899ರಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬಂದಾಗ ಸಾಮಾಜಿಕ ಕಾದಂಬರಿ ಖಚಿತವಾಗಿ ಕಣ್ಣು ತೆರೆಯಿತು. ಆ ಕಾಲದ ನಿರೂಪಕನಿಗೆ ಎಲ್ಲವೂ ಗೊತ್ತು, ಯಾವುದು ಸರಿ ಎಂಬುದೂ ಗೊತ್ತು. ಸಮಾಜ ಸುಧಾರಣೆ ಅವನ ಕೆಲಸ, ಓದುಗರು ಅವನ ಮುಂದೆ ಕೂತ ಸಭೆ. ಹರಿಕಥೆ, ಪುರಾಣ ಪ್ರವಚನ ಕೇಳಿ ಬೆಳೆದ ಓದುಗರಿಗೆ ನಡುವೆ ನಿಂತು ಬುದ್ಧಿ ಹೇಳುವ ದನಿ ಅಪರಿಚಿತವಾಗಿರಲಿಲ್ಲ.

ಶಿವರಾಮ ಕಾರಂತರು ಈ ದನಿಯನ್ನು ತಗ್ಗಿಸಿದರು. ‘ಚೋಮನ ದುಡಿ’ಯಲ್ಲಿ ನಿರೂಪಕ ಚೋಮನ ಗುಡಿಸಲ ಹತ್ತಿರ ಬರುತ್ತಾನೆ, ಮರುಕವಿದೆ, ಉಪದೇಶ ಕಡಿಮೆ. 1943ರ ‘ಬೆಟ್ಟದ ಜೀವ’ದಲ್ಲಿ ಇನ್ನೂ ಮುಂದೆ ಹೋಗಿ, ಕತೆ ಹೇಳುವವನನ್ನೇ ದಾರಿ ತಪ್ಪಿ ಬಂದ ಅತಿಥಿಯಾಗಿಸಿದರು. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ಕತ್ತಲಾಗುತ್ತಿರುವಾಗ ಸಿಕ್ಕಿಕೊಂಡ ಈ ಪ್ರಯಾಣಿಕ ಗೋಪಾಲಯ್ಯ, ಶಂಕರಮ್ಮನವರ ಮನೆ ಸೇರುತ್ತಾನೆ. ಅತಿಥಿಗೆ ಮನೆಯವರು ತೋರಿಸಿದಷ್ಟೇ ಕಾಣುತ್ತದೆ. ಮನೆ ಬಿಟ್ಟು ಹೋದ ಮಗ ಶಂಭುವಿನ ವಿಷಯ ಅವನಿಗೆ ತುಣುಕು ತುಣುಕಾಗಿ, ಅವರಿಗೆ ಹೇಳಬೇಕೆನಿಸಿದಾಗ ಮಾತ್ರ ಸಿಗುತ್ತದೆ. ಆ ದಂಪತಿಯ ದುಃಖ ನಮ್ಮನ್ನು ಅಷ್ಟು ತಟ್ಟುವುದು ಹೇಳುವವನಿಗೆ ಎಲ್ಲವೂ ಗೊತ್ತಿಲ್ಲದ ಕಾರಣಕ್ಕೆ. ಕನ್ನಡದಲ್ಲಿ ನಿರೂಪಕನ ಅರಿವಿನ ಮಿತಿ ಇಷ್ಟು ಚೆನ್ನಾಗಿ ಕೆಲಸ ಮಾಡಿದ ಕಾದಂಬರಿಗಳು ಕಡಿಮೆ.

‘ಸಂಸ್ಕಾರ’ದ ಮೊದಲ ಅಧ್ಯಾಯ

ಈಗ ಒಂದು ಅಧ್ಯಾಯವನ್ನು ಹತ್ತಿರದಿಂದ ನೋಡೋಣ. ‘ಸಂಸ್ಕಾರ’ ಹೊಳೆಯಿಂದ ಆರಂಭವಾಗುವುದಿಲ್ಲ, ಬೆಟ್ಟದಿಂದಲೂ ಇಲ್ಲ. ದೂರ್ವಾಸಪುರದ ಅಗ್ರಹಾರದಲ್ಲಿ ಪ್ರಾಣೇಶಾಚಾರ್ಯರು ರೋಗಿಷ್ಠ ಹೆಂಡತಿ ಭಾಗೀರಥಿಗೆ ಸ್ನಾನ ಮಾಡಿಸಿ, ಬಟ್ಟೆ ಉಡಿಸಿ, ಪೂಜೆಯ ಪ್ರಸಾದ ಕೊಟ್ಟು, ಗಂಜಿ ಕುಡಿಸುವುದರಿಂದ ಅದು ಶುರು. ಇದು ನಿತ್ಯದ ಕೆಲಸ. ಆಮೇಲೆ ಗೋಗ್ರಾಸ ಕೊಟ್ಟು ಒಳಗೆ ಬಂದು ಊಟಕ್ಕೆ ಕೂರಬೇಕು, ಅಷ್ಟರಲ್ಲಿ ಹೆಂಗಸಿನ ದನಿ ಕೇಳುತ್ತದೆ. ಬಂದವಳು ಚಂದ್ರಿ, ಅದೇ ಅಗ್ರಹಾರದ ನಾರಣಪ್ಪ ಇಟ್ಟುಕೊಂಡವಳು. ಅವಳನ್ನು ಮಾತಾಡಿಸಿದರೆ ಮೈಲಿಗೆ, ಮತ್ತೆ ಸ್ನಾನ ಮಾಡಿಯೇ ಉಣ್ಣಬೇಕು. ಆದರೆ ಅಂಗಳದಲ್ಲಿ ಒಬ್ಬ ಹೆಂಗಸು ಕಾದಿರುವಾಗ ಗಂಟಲಲ್ಲಿ ತುತ್ತು ಇಳಿಯುವುದು ಹೇಗೆ?

ಈ ಕಡೆಯ ಪ್ರಶ್ನೆ ಯಾರದು? ಆಚಾರ್ಯರು ಬಾಯಿಬಿಟ್ಟು ಹೇಳಿದ ಮಾತಲ್ಲ, ನಿರೂಪಕ ಓದುಗರಿಗೆ ಕೇಳಿದ್ದೂ ಅಲ್ಲ. ಇಬ್ಬರ ದನಿ ಒಂದರೊಳಗೊಂದು ಬೆರೆತ ಜಾಗ ಅದು. ಮೈಲಿಗೆಯ ಲೆಕ್ಕ ನಿರೂಪಕನಿಗೂ ಸಹಜವೆಂಬಂತೆ, ಯಾವ ವಿವರಣೆಯೂ ಇಲ್ಲದೆ ಬರುತ್ತದೆ. ಮಡಿ ಎಂದರೇನು, ಗೋಗ್ರಾಸ ಎಂದರೇನು ಎಂದು ಅವನು ಹೊರಗಿನವರಿಗೆ ಬಿಡಿಸಿ ಹೇಳುವುದಿಲ್ಲ. ಆ ಮನೆಯ ಮಾತನ್ನು ಆ ಮನೆಯವನಂತೆಯೇ ಆಡುತ್ತಾನೆ. ನಿಯಮ ಮತ್ತು ಕರುಣೆಯ ನಡುವೆ ಸಿಕ್ಕಿಬಿದ್ದ ಮನಸ್ಸು ಈ ಒಂದು ಪ್ರಶ್ನೆಯಲ್ಲೇ ಸಿಗುತ್ತದೆ. ಮುಂದಿನ ಇಡೀ ಕಾದಂಬರಿ ಆ ಬಿರುಕು ಅಗಲವಾಗುವ ಕತೆ. ತಾಣ, ದನಿ, ನುಡಿ ಮೂರೂ ಹೀಗೆ ಒಟ್ಟಿಗೆ ಕೆಲಸ ಮಾಡುತ್ತವೆ.

ನಾರಣಪ್ಪ ಸತ್ತ ಸುದ್ದಿ ಹಬ್ಬಿ ಬ್ರಾಹ್ಮಣರು ಆಚಾರ್ಯರ ಜಗಲಿಯಲ್ಲಿ ಸೇರಿದ ಮೇಲೆ ದನಿ ಬದಲಾಗುತ್ತದೆ. ಗರುಡಾಚಾರ್ಯ, ಲಕ್ಷ್ಮಣಾಚಾರ್ಯ, ದಾಸಾಚಾರ್ಯ, ದುರ್ಗಾಭಟ್ಟ ಒಬ್ಬೊಬ್ಬರ ಮನಸ್ಸಿನಲ್ಲೂ ನಿರೂಪಕ ಹೊಕ್ಕು ಬರುತ್ತಾನೆ. ಒಬ್ಬನಿಗೆ ಹಳೆಯ ವ್ಯಾಜ್ಯದ ಸಿಟ್ಟು, ಒಬ್ಬನಿಗೆ ಹಸಿವು, ಇನ್ನೊಬ್ಬನ ಕಣ್ಣು ಚಂದ್ರಿಯ ಮೇಲೆ. ಶವಸಂಸ್ಕಾರ ಯಾರು ಮಾಡಬೇಕೆಂದು ತೀರ್ಮಾನವಾಗದೆ ಎಲ್ಲರೂ ಬಾಯಿ ಕಟ್ಟಿ ಕೂತಾಗ ಚಂದ್ರಿ ತನ್ನ ಮೈಮೇಲಿನ ಚಿನ್ನವನ್ನೆಲ್ಲ ಬಿಚ್ಚಿ ಆಚಾರ್ಯರ ಮುಂದೆ ಇಡುತ್ತಾಳೆ. ಕೂಡಲೇ ಹೆಂಗಸರ ಮನಸ್ಸಿನಲ್ಲಿ ಅದರ ಬೆಲೆಯ ಲೆಕ್ಕ ಓಡತೊಡಗುತ್ತದೆ, ಗಂಡಸರಲ್ಲಿ ಅದು ಬೇರೊಬ್ಬನ ಪಾಲಾದೀತೆಂಬ ಭಯ. ಇಷ್ಟು ತಲೆಗಳೊಳಗೆ ಇಳಿದ ನಿರೂಪಣೆ ಆ ಹೊತ್ತಿನಲ್ಲಿ ಚಂದ್ರಿಯನ್ನು ಹೆಚ್ಚಾಗಿ ಹೊರಗಿನಿಂದಲೇ ತೋರಿಸುತ್ತದೆ: ಅವಳ ಮುಖ, ಅವಳ ಕೈ, ರಾಶಿಯಾದ ಒಡವೆ. ಅವಳು ಅಂಗಳದಲ್ಲಿದ್ದಾಳೆ, ನಿರೂಪಣೆ ಜಗಲಿಯಿಂದ ನೋಡುತ್ತಿದೆ.

ನಾರಣಪ್ಪನ ವಿಷಯ ಇನ್ನೂ ಕುತೂಹಲದ್ದು. ಕಾದಂಬರಿ ಆರಂಭವಾಗುವಾಗಲೇ ಅವನು ಹೆಣ. ಸಾಲಿಗ್ರಾಮವನ್ನು ಹೊಳೆಗೆ ಎಸೆದದ್ದು, ಮುಸಲ್ಮಾನರೊಡನೆ ಕೂತು ಮಾಂಸ ತಿಂದದ್ದು, ದೇವಸ್ಥಾನದ ಹೊಂಡದ ಮೀನು ಹಿಡಿದದ್ದು ಎಲ್ಲವೂ ಇತರರ ದೂರಿನ ಮೂಲಕ ಕೇಳಿಬರುತ್ತವೆ. ಅವನ ಸವಾಲಿನ ಮಾತುಗಳು ಆಚಾರ್ಯರ ನೆನಪಿನಲ್ಲಿ ಏಳುತ್ತವೆ. ಇಡೀ ಕಾದಂಬರಿಯಲ್ಲಿ ಅತ್ಯಂತ ಗಟ್ಟಿಯಾದ ದನಿ ಅವನದು, ಆದರೆ ಆ ದನಿ ನಮಗೆ ಸಿಗುವುದು ಅವನ ಎದುರಾಳಿಗಳ ಬಾಯಿಂದ.

ಪ್ರಜ್ಞೆಯನ್ನು ಹಿಡಿದವರು

ಇಂಥ ಓದಿಗೆ ದಾರಿ ಮಾಡಿಕೊಟ್ಟದ್ದು ನವ್ಯ ವಿಮರ್ಶೆ. 1960ರ ದಶಕದಲ್ಲಿ, ಗೋಪಾಲಕೃಷ್ಣ ಅಡಿಗರ ‘ಸಾಕ್ಷಿ’ ಪತ್ರಿಕೆಯ ಆಸುಪಾಸಿನಲ್ಲಿ, ಕೃತಿಯನ್ನು ಸಾಲು ಸಾಲಾಗಿ ನಿಕಟವಾಗಿ ಓದುವ ಶಿಸ್ತು ಬೆಳೆಯಿತು. ಮೈಸೂರಿನ ಇಂಗ್ಲಿಷ್ ಅಧ್ಯಾಪಕರು ಅದರಲ್ಲಿ ಮುಂದಿದ್ದರು. ಹಿಂದೆ ಹೆನ್ರಿ ಜೇಮ್ಸ್‌ನ ಮುನ್ನುಡಿಗಳು, ಅವನ ತತ್ವವನ್ನು 1921ರಲ್ಲಿ ಪುಸ್ತಕವಾಗಿಸಿದ ಪರ್ಸಿ ಲಬಕ್ ಇದ್ದರು. ಲೇಖಕ ನಡುವೆ ಬಾಯಿ ಹಾಕಬಾರದು, ಪಾತ್ರದ ಪ್ರಜ್ಞೆಯ ಮೂಲಕವೇ ಲೋಕ ತೆರೆದುಕೊಳ್ಳಬೇಕು ಎಂಬುದು ಇದರ ಸಾರ. 1961ರಲ್ಲೇ ವೇಯ್ನ್ ಬೂತ್ ಇದನ್ನು ಪ್ರಶ್ನಿಸಿದ್ದ: ಯಾವ ಲೇಖಕನೂ ಪೂರ್ತಿ ಮರೆಯಾಗಲಾರ, ಮೌನವೂ ಅವನ ಆಯ್ಕೆಯೇ. 1972ರಲ್ಲಿ ಜೆರಾರ್ ಜೆನೆಟ್ ಇನ್ನೂ ಉಪಯುಕ್ತವಾದ ಒಂದು ಭೇದ ತಂದ: ನೋಡುವವರು ಯಾರು, ಹೇಳುವವರು ಯಾರು ಎಂಬುದನ್ನು ಬೇರೆ ಬೇರೆ ಕೇಳಬೇಕು.

ನವ್ಯರ ದೃಷ್ಟಿ ಶಾಂತಿನಾಥ ದೇಸಾಯರ ‘ಮುಕ್ತಿ’ಗೆ, ಯಶವಂತ ಚಿತ್ತಾಲರ ‘ಶಿಕಾರಿ’ಯ ನಾಗಪ್ಪನಿಗೆ ಹೇಳಿ ಮಾಡಿಸಿದಂತಿದೆ. ‘ಸಂಸ್ಕಾರ’ದ ಕೊನೆಯ ಭಾಗದಲ್ಲಿ ಅಗ್ರಹಾರ ಬಿಟ್ಟು ಅಲೆಯುವ ಆಚಾರ್ಯರ ತಳಮಳವನ್ನೂ ಅದು ಚೆನ್ನಾಗಿ ಬಿಡಿಸುತ್ತದೆ. ಆದರೆ ಇಡೀ ಕಾದಂಬರಿಯನ್ನು ಒಬ್ಬನ ಪ್ರಜ್ಞೆಯ ಕತೆಯೆಂದು ಓದುವಾಗ ಆ ಮೊದಲ ಅಧ್ಯಾಯದ ಜಗಲಿಯ ಗದ್ದಲ ಕೈಬಿಟ್ಟುಹೋಗುತ್ತದೆ. ಅಲ್ಲಿ ಮಾತಾಡುವುದು ಒಬ್ಬ ವ್ಯಕ್ತಿಯಲ್ಲ, ಒಂದು ಕೇರಿ.

ಎ.ಕೆ. ರಾಮಾನುಜನ್ 1976ರ ಇಂಗ್ಲಿಷ್ ಅನುವಾದಕ್ಕೆ ಬರೆದ ಹಿನ್ನುಡಿಯಲ್ಲಿ ಈ ಕಾದಂಬರಿಯಲ್ಲಿ ವಾಸ್ತವ ಮತ್ತು ರೂಪಕ ಹೇಗೆ ಒಂದರೊಳಗೊಂದು ಸೇರಿಕೊಂಡಿವೆ ಎಂಬ ಪ್ರಶ್ನೆ ಎತ್ತಿದರು. ಮರುವರ್ಷವೇ ವಿ.ಎಸ್. ನೈಪಾಲ್ ಅದನ್ನು ಹಿಂದೂ ಸಮಾಜದ ಮನಸ್ಸಿನ ದಾಖಲೆಯಂತೆ ಓದಿದರು. ನನಗೆ ರಾಮಾನುಜನ್ನರ ದಾರಿಯೇ ಹೆಚ್ಚು ಹಿಡಿಸುತ್ತದೆ. ನೈಪಾಲರ ಓದಿನಲ್ಲಿ ಆಚಾರ್ಯರಿಗೂ ಆಚಾರ್ಯರನ್ನು ತೋರಿಸುತ್ತಿರುವ ದನಿಗೂ ನಡುವಿನ ಅಂತರ ಅಳಿಸಿಹೋಗುತ್ತದೆ. ಆ ಅಂತರದಲ್ಲೇ ಈ ಕಾದಂಬರಿಯ ವಿಮರ್ಶಕ ಬುದ್ಧಿ ಇದೆ.

ಕಾಡನ್ನೇ ಹಿಡಿದವರು

ಎರಡನೆಯ ಪಂಥ ಸ್ಥಳವನ್ನು ಹಿನ್ನೆಲೆ ಎಂದು ಒಪ್ಪುವುದೇ ಇಲ್ಲ. ಅದಕ್ಕೆ ದೊಡ್ಡ ಆಧಾರ ‘ಮಲೆಗಳಲ್ಲಿ ಮದುಮಗಳು’. ಇಲ್ಲಿ ಯಾರೂ ಮೇಲಲ್ಲ, ಯಾವುದೂ ಕೀಳಲ್ಲ ಎಂಬ ಆಶಯವನ್ನು ಕುವೆಂಪು ಆರಂಭದಲ್ಲೇ ಘೋಷಿಸುತ್ತಾರೆ, ನಿರೂಪಣೆಯೂ ಆ ಮಾತನ್ನು ನಡೆಸಿಕೊಡುತ್ತದೆ. ಕತೆ ಹಿಡಿದು ಹೊರಡುವವನು ಗೌಡನಲ್ಲ, ಹೆಗ್ಗಡೆಯಲ್ಲ; ಜೀತದಾಳು ನಾಯಿಗುತ್ತಿ. ಜೊತೆಗೆ ಅವನ ನಾಯಿ ಹುಲಿಯ. ಗುತ್ತಿ ನಡೆದಂತೆ ಸಿಂಭಾವಿ, ಹೂವಳ್ಳಿ, ಬೆಟ್ಟಳ್ಳಿ, ಕೋಣೂರು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಅಂದರೆ ಊರುಗಳ ನಕ್ಷೆ ಅವನ ಕಾಲಿನ ಅಳತೆಯಲ್ಲಿ ಸಿದ್ಧವಾಗುತ್ತದೆ. ಗೌಡರ ಮನೆಗೆ ಅವನು ಯಾವ ಬದಿಯಿಂದ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂಬುದೂ ಆ ನಕ್ಷೆಯ ಭಾಗ.

ಅದೇ ನಿರೂಪಕ ಬೇಕೆಂದಾಗ ಗುತ್ತಿಯನ್ನು ಬಿಟ್ಟು ಬಹಳ ಎತ್ತರಕ್ಕೆ ಏರುತ್ತಾನೆ. 1893ರ ಷಿಕಾಗೋದ ಸರ್ವಧರ್ಮ ಸಮ್ಮೇಳನದಲ್ಲಿ ವಿವೇಕಾನಂದರು ನಿಂತ ಕಾಲ ಇದು ಎಂದು ನೆನಪಿಸುತ್ತಾನೆ. ಕಾಡಿನ ಆ ಮೂಲೆಯಲ್ಲಿ ಬದುಕುವವರಿಗೆ ಅದರ ಗಂಧವೂ ಇಲ್ಲ. ಕಟ್ಟುನಿಟ್ಟಿನ ನವ್ಯ ಓದುಗನಿಗೆ ಇದು ಲೇಖಕ ಬಾಯಿ ಹಾಕಿದ ದೋಷವಾಗಿ ಕಂಡೀತು. ಹಾಗೆ ತಳ್ಳಿಹಾಕುವುದು ತಪ್ಪೆಂದು ನನ್ನ ಅಭಿಪ್ರಾಯ. ಒಂದು ಕಾಲು ಗುತ್ತಿಯ ಕೆಸರಿನಲ್ಲಿ, ಇನ್ನೊಂದು ಲೋಕಚರಿತ್ರೆಯಲ್ಲಿ ಇಟ್ಟು ನಿಲ್ಲುವ ಈ ದನಿ ಇಲ್ಲದಿದ್ದರೆ ಅಷ್ಟು ಜನ, ಅಷ್ಟು ಜಾತಿ, ಅಷ್ಟು ಪ್ರಾಣಿಗಳ ಕತೆ ಒಂದೇ ಪುಸ್ತಕದಲ್ಲಿ ನಿಲ್ಲುತ್ತಿರಲಿಲ್ಲ.

ಅಂಗಳದಲ್ಲಿ ಉಳಿದವರು

ಮೂರನೆಯ ಪಂಥ 1970ರ ದಶಕದ ಚಳವಳಿಗಳ ಬೆನ್ನಿಗೆ ಬಂತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟುವ ಹೊತ್ತಿಗೆ ಓದಿನ ಪ್ರಶ್ನೆಯೇ ಬದಲಾಗಿತ್ತು: ಕತೆಯಲ್ಲಿ ಯಾರಿದ್ದಾರೆ ಎನ್ನುವುದರ ಜೊತೆಗೆ, ಯಾರ ಮನಸ್ಸಿಗೆ ನಿರೂಪಣೆ ಇಳಿಯಲಿಲ್ಲ? ಈ ಕಣ್ಣಿನಿಂದ ನೋಡಿದರೆ ‘ಸಂಸ್ಕಾರ’ದ ಬೆಳ್ಳಿ ಎದ್ದು ಕಾಣುತ್ತಾಳೆ. ಅಗ್ರಹಾರ ಒಂದು ಹೆಣದ ಧರ್ಮಸೂಕ್ಷ್ಮದಲ್ಲಿ ಮುಳುಗಿರುವಾಗ ಅವಳ ಕೇರಿಯಲ್ಲಿ ಜನ ನಾರಣಪ್ಪನನ್ನು ಕೊಂದ ಅದೇ ಪ್ಲೇಗಿಗೆ ಸಾಯುತ್ತಿದ್ದಾರೆ, ಗುಡಿಸಲುಗಳು ಹೆಣದ ಸಮೇತ ಸುಟ್ಟುಹೋಗುತ್ತಿವೆ. ಅಪ್ಪ ಅಮ್ಮನ ಜ್ವರದ ಮಾತನ್ನು ಅವಳು ಆಡಿದಾಗ ಅಗ್ರಹಾರದ ಯುವಕ ಶ್ರೀಪತಿಗೆ ಅದು ಬೇಡ, ಅವಳ ಮೈ ಸಾಕು. ಆ ಸಾವುಗಳಿಗೆ ಕಾದಂಬರಿ ಕೊಡುವ ಜಾಗ ತುಂಬ ಕಡಿಮೆ.

ಇದಕ್ಕೆ ಎರಡು ಉತ್ತರಗಳಿವೆ. ಅಷ್ಟೇ ಜಾಗ ಕೊಟ್ಟಿರುವುದರಿಂದಲೇ ಅಗ್ರಹಾರದ ಕುರುಡು ಬಯಲಾಗುತ್ತದೆ ಎಂಬುದು ಒಂದು. ಬೆಳ್ಳಿಯನ್ನೂ ಚಂದ್ರಿಯನ್ನೂ ಮುಖ್ಯವಾಗಿ ಗಂಡಸಿನ ಬಯಕೆ ಮತ್ತು ಬಿಡುಗಡೆಯ ದಾರಿಯಾಗಿ ಬಳಸಿಕೊಂಡಿದ್ದಾರೆ ಎಂಬುದು ಇನ್ನೊಂದು. ಸ್ತ್ರೀವಾದಿ ಓದು ಈ ಎರಡನೆಯದನ್ನು ಬಲವಾಗಿ ಮುಂದಿಟ್ಟಿದೆ. ಮುಂದಿನ ಅಧ್ಯಾಯಗಳಲ್ಲಿ ಚಂದ್ರಿಯ ಮನಸ್ಸೂ ನಮಗೆ ಸಿಗುತ್ತದೆ ಎಂಬುದನ್ನು ಮರೆಯಬಾರದು. ಎಲ್ಲ ಶಾಸ್ತ್ರ ಸೋತಾಗ ರಾತ್ರೋರಾತ್ರಿ ಅಹಮದ್ ಬ್ಯಾರಿಯ ನೆರವಿನಿಂದ ನಾರಣಪ್ಪನನ್ನು ಸುಟ್ಟವಳು ಅವಳೇ. ಓದುಗರಿಗೆ ಗೊತ್ತಿರುವ ಈ ಸಂಗತಿ ಜಗಲಿಯವರಿಗೆ ಗೊತ್ತಿಲ್ಲ. ಇಲ್ಲಿ ನಿರೂಪಣೆ ಜಗಲಿಯಿಂದ ಇಳಿದು ಅಂಗಳ ದಾಟಿ ಹೋಗಿದೆ.

‘ಫಣಿಯಮ್ಮ’ವನ್ನು ಪಕ್ಕದಲ್ಲಿಟ್ಟು ನೋಡಿದರೆ ಇನ್ನೊಂದು ಬಾಗಿಲು ತೆರೆಯುತ್ತದೆ. ಅದು ಕುಟುಂಬದ ಹೆಂಗಸರ ಬಾಯಿಂದ ಬಾಯಿಗೆ ಬಂದು ಇಂದಿರಾ ಅವರನ್ನು ತಲುಪಿದ ಕತೆ. ಅದರ ನಿರೂಪಕಿ ಇರುವುದು ಜಗಲಿಯಲ್ಲಲ್ಲ, ಒಳಮನೆಯಲ್ಲಿ. ಆದ್ದರಿಂದ ಅಡುಗೆ, ಬಾಣಂತನ, ಮುಟ್ಟು, ತಲೆ ಬೋಳಿಸುವ ಕ್ರೂರ ಪದ್ಧತಿ ಎಲ್ಲವೂ ಮನೆಯೊಳಗಿನವರ ಕಣ್ಣಿಗೆ ಕಂಡಂತೆ ಬರುತ್ತವೆ. ‘ಸಂಸ್ಕಾರ’ದಲ್ಲಿ ಮಡಿ ಧರ್ಮಶಾಸ್ತ್ರದ ಸಮಸ್ಯೆ, ‘ಫಣಿಯಮ್ಮ’ದಲ್ಲಿ ಅದು ಬಾಲವಿಧವೆಯೊಬ್ಬಳ ಇಡೀ ಬದುಕಿನ ದುಡಿತ. ವಿಮರ್ಶೆ ಈ ಕಾದಂಬರಿಯ ಕರುಣೆಯನ್ನು ಮೆಚ್ಚಿದಷ್ಟು ಅದರ ನಿರೂಪಣೆಯನ್ನು ಗಮನಿಸಲಿಲ್ಲ. ಸರಳವಾಗಿ ಹೇಳಿದ್ದರಲ್ಲಿ ತಂತ್ರವಿಲ್ಲ ಎಂಬ ಪೂರ್ವಗ್ರಹ ಇದಕ್ಕೆ ಕಾರಣವಿರಬೇಕು. ಇದು ನಮ್ಮ ವಿಮರ್ಶೆಯ ದೊಡ್ಡ ಕೊರತೆ.

ನುಡಿಯ ಪ್ರಶ್ನೆ

ಭಾಷೆಯ ಚರ್ಚೆ ಬಹುಕಾಲ ಸಂಭಾಷಣೆಗೆ ಸೀಮಿತವಾಗಿತ್ತು. ಪಾತ್ರಗಳು ಆಡುಮಾತಿನಲ್ಲಿ, ನಿರೂಪಕ ಶಿಷ್ಟ ಕನ್ನಡದಲ್ಲಿ ಎಂಬುದು ಒಪ್ಪಿತ ಹಂಚಿಕೆ. ಅಲ್ಲಿಯೂ ತೊಡಕಿತ್ತು. ‘ಚೋಮನ ದುಡಿ’ಯ ಚೋಮ, ಅವನ ಮಗಳು ಬೆಳ್ಳಿ ನಿಜ ಬದುಕಿನಲ್ಲಿ ಆಡಬೇಕಾದ ಮಾತು ತುಳು, ಪುಸ್ತಕದಲ್ಲಿ ಅವರು ಕನ್ನಡ ಆಡುತ್ತಾರೆ. ಕಾರಂತರ ಗದ್ಯದ ಆ ಕನ್ನಡವನ್ನು ಒಂದು ಬಗೆಯ ಅನುವಾದವೆಂದೇ ಓದಬೇಕಾಗುತ್ತದೆ. ಕುವೆಂಪು ಮಲೆನಾಡಿನ ಬೇರೆ ಬೇರೆ ಜಾತಿಗಳವರ, ಘಟ್ಟದ ಕೆಳಗಿನಿಂದ ಬಂದವರ ಮಾತಿನ ವರಸೆಗಳನ್ನು ಸೂಕ್ಷ್ಮವಾಗಿ ಬೇರ್ಪಡಿಸಿದರು. ವರ್ಣನೆಗೆ ಬಂದಾಗ ಮಾತ್ರ ಸಂಸ್ಕೃತದ ದೀರ್ಘ ಸಮಾಸಗಳ ಮೊರೆ ಹೋದರು.

1984ರಲ್ಲಿ ದೇವನೂರ ಮಹಾದೇವರ ‘ಕುಸುಮಬಾಲೆ’ ಈ ಹಂಚಿಕೆಯನ್ನೇ ಮುರಿಯಿತು. ನಂಜನಗೂಡು ಕಡೆಯ ಮಾತು ಅಲ್ಲಿ ಪಾತ್ರಗಳದಷ್ಟೇ ಅಲ್ಲ, ನಿರೂಪಕನದೂ ಹೌದು. ದೀಪದ ಜೋತಮ್ಮಗಳು ರಾತ್ರಿ ಸೇರಿ ತಂತಮ್ಮ ಮನೆಯ ಸುದ್ದಿ ಹೇಳಿಕೊಳ್ಳುತ್ತವೆ. ಮನೆಯೊಳಗಿನ ದೀಪಕ್ಕೆ ಕಾಣದ್ದು ಯಾವುದಿದೆ? ಎಲ್ಲ ಬಲ್ಲ ನಿರೂಪಕನ ಕೆಲಸವನ್ನು ಕಾದಂಬರಿ ಊರಿನ ನಂಬಿಕೆಗೇ ಒಪ್ಪಿಸಿತು. ಓದಲು ಕಷ್ಟ ಎಂದು ದೂರಿದವರು ಅನೇಕರು. ಶಿಷ್ಟ ಕನ್ನಡದಲ್ಲಿ ಇದೇ ಕತೆಯನ್ನು ಹೇಳಿದ್ದರೆ ನಿರೂಪಕ ಆ ಕೇರಿಯ ಹೊರಗೆ ನಿಂತು ಬೆರಳು ತೋರಿಸಿದಂತಾಗುತ್ತಿತ್ತು. ಆ ಕಷ್ಟಕ್ಕೆ ಬೆಲೆಯಿದೆ.

ಸಂಭಾಷಣೆ, ಪದಸಂಪತ್ತು ಬಿಟ್ಟು ಇನ್ನೂ ಒಳಗೊಂದು ಪದರವಿದೆ. ಕನ್ನಡದಲ್ಲಿ ಕತೆ ಹೇಳುವವರು ಕ್ರಿಯಾಪದ ಮುಗಿಸುವಾಗಲೇ ಪಾತ್ರದ ಸ್ಥಾನಮಾನವನ್ನೂ ಹೇಳಿಬಿಡುತ್ತಾರೆ. ಆಚಾರ್ಯರು ಬಂದರು, ಚಂದ್ರಿ ಬಂದಳು, ನಾರಣಪ್ಪ ಸತ್ತ. ಇಂಗ್ಲಿಷ್ ನಿರೂಪಕನಿಗೆ ಈ ಆಯ್ಕೆಯ ಇಕ್ಕಟ್ಟೇ ಇಲ್ಲ. ನಮ್ಮವನಿಗೆ ಪ್ರತಿ ವಾಕ್ಯದಲ್ಲೂ ಇದೆ. ವಯಸ್ಸು, ಜಾತಿ, ಲಿಂಗ, ಹತ್ತಿರ, ದೂರ ಎಲ್ಲವನ್ನೂ ಆ ಒಂದು ಪ್ರತ್ಯಯ ಹೊತ್ತಿರುತ್ತದೆ. ಪೂರ್ತಿ ತಟಸ್ಥ ನಿರೂಪಕ ಕನ್ನಡದಲ್ಲಿ ಸಾಧ್ಯವೇ ಇಲ್ಲವೇನೋ. ಆಮದು ಮಾಡಿಕೊಂಡ ನಿರೂಪಣಾ ಸಿದ್ಧಾಂತಗಳು ಈ ವಿಷಯದಲ್ಲಿ ನಮಗೆ ನೆರವಾಗಲಾರವು. ಯಾವುದಾದರೂ ಕಾದಂಬರಿಯ ಅಧ್ಯಾಯ ತೆಗೆದುಕೊಂಡು ಯಾರಿಗೆ ಬಹುವಚನ, ಯಾರಿಗೆ ಏಕವಚನ, ನಡುವೆ ಎಲ್ಲಾದರೂ ಅದು ಬದಲಾಯಿತೇ ಎಂದು ಗುರುತು ಹಾಕಿದರೆ ನಿರೂಪಕ ನಿಂತ ಜಾಗ ತಾನಾಗಿ ಗೊತ್ತಾಗುತ್ತದೆ.

ಇನ್ನೂ ಬಗೆಹರಿಯದವು

ಮೊದಲನೆಯದು ‘ಸಂಸ್ಕಾರ’ದ ಗುಡಿಸಲುಗಳ ಪ್ರಶ್ನೆ. ನಿರೂಪಣೆ ಯಾರನ್ನೋ ಅಂಚಿಗೆ ಸರಿಸಿದಾಗ ಅದು ಪಾತ್ರಗಳ ಕುರುಡನ್ನು ತೋರಿಸುವ ಉಪಾಯವೋ, ಲೇಖಕನದೇ ಮಿತಿಯೋ? ಪಠ್ಯವನ್ನಷ್ಟೇ ಓದಿ ಇದನ್ನು ತೀರ್ಮಾನಿಸಲು ಸಾಧ್ಯವೇ, ಓದುವವರು ಯಾವ ಕೇರಿಯಿಂದ ಬಂದರು ಎಂಬುದೂ ಅದರಲ್ಲಿ ಸೇರುತ್ತದೆಯೇ ಎಂಬ ಬಗ್ಗೆ ವಿಮರ್ಶಕರಲ್ಲಿ ಒಮ್ಮತವಿಲ್ಲ. ನಾನು ಉಪಾಯ ಎಂಬ ಕಡೆಗೆ ಹೆಚ್ಚು ವಾಲುತ್ತೇನೆ, ಆದರೆ ಅಲ್ಲಿನ ಬೆಳ್ಳಿಯ ವಿಷಯದಲ್ಲಿ ಆ ವಾದ ಸಡಿಲವಾಗುತ್ತದೆ.

ಎರಡನೆಯದು ಎರವಲು ಪರಿಭಾಷೆಯದು. ನೋಡುವವರು ಬೇರೆ, ಹೇಳುವವರು ಬೇರೆ ಎಂಬ ಜೆನೆಟ್‌ನ ಭೇದ ನಮಗೆ ಉಪಯೋಗಕ್ಕೆ ಬರುತ್ತದೆ. ಆದರೆ ಕೇಳಿದ್ದನ್ನು ಕೇಳಿದ್ದೆಂದೇ ಸೂಚಿಸುವ ‘ಅಂತೆ’, ಮನಸ್ಸಿನ ಮಾತನ್ನು ಹೊರತರುವ ‘ಅಂದುಕೊಂಡ’, ಮೇಲೆ ಹೇಳಿದ ಗೌರವದ ಪ್ರತ್ಯಯಗಳು ಇವುಗಳನ್ನೆಲ್ಲ ಒಳಗೊಂಡ ಕನ್ನಡದ್ದೇ ಆದ ನಿರೂಪಣಾ ಶಾಸ್ತ್ರ ಹೇಗಿರಬೇಕು? ವ್ಯಾಕರಣ ಬಲ್ಲವರೂ ಕಾದಂಬರಿ ಓದುವವರೂ ಇದಕ್ಕಾಗಿ ಒಟ್ಟಿಗೆ ಕೂರಬೇಕಾಗಿದೆ.

ಮೂರನೆಯದು ಆಡುನುಡಿಯ ನಿರೂಪಣೆ ಮತ್ತು ಓದುಗರದು. ಬೀದರಿನ ವಿದ್ಯಾರ್ಥಿ ‘ಕುಸುಮಬಾಲೆ’ಯ ಒಂದು ಅಧ್ಯಾಯವನ್ನು ಟಿಪ್ಪಣಿಯ ನೆರವಿನಿಂದ ಓದಬೇಕೋ, ಗಟ್ಟಿಯಾಗಿ ಓದಿ ಕಿವಿಯಿಂದಲೇ ಹಿಡಿಯಬೇಕೋ? ಟಿಪ್ಪಣಿ ಬಂದ ಕೂಡಲೇ ಶಿಷ್ಟ ಕನ್ನಡ ಮತ್ತೆ ಯಜಮಾನನ ಜಾಗದಲ್ಲಿ ಕೂರುತ್ತದೆ. ಟಿಪ್ಪಣಿ ಇಲ್ಲದಿದ್ದರೆ ಅನೇಕರು ಮೊದಲ ಪುಟದಲ್ಲೇ ಪುಸ್ತಕ ಮುಚ್ಚುತ್ತಾರೆ. ಪಠ್ಯಪುಸ್ತಕ ಸಮಿತಿಗಳ ಮುಂದೆಯೂ, ಅನುವಾದಕರ ಮುಂದೆಯೂ ಈ ಪ್ರಶ್ನೆ ಹಾಗೇ ನಿಂತಿದೆ.